‘ಅವರ ಗುಣವೇ ಅಷ್ಟು’: ಮನುಷ್ಯ ಸ್ವಭಾವದ ಮಾತು ಮತ್ತು ದಲಿತ ವಿಮರ್ಶೆ

೧

ತತ್ವಶಾಸ್ತ್ರ ಪುಸ್ತಕದಲ್ಲಿ ಮಾತ್ರ ಇರುತ್ತದೆ ಎಂದು ನಾವು ತಿಳಿದಿದ್ದೇವೆ. ಅದು ಹಳ್ಳಿಕಟ್ಟೆಯ ಮೇಲೂ ಇರುತ್ತದೆ, ಗಾದೆಯ ರೂಪದಲ್ಲಿ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬುದು ಅಂಥದ್ದೊಂದು ತತ್ವ. ಹೊಳಲ್ಕೆರೆ ತಾಲೂಕಿನ ನಮ್ಮ ರಾಮಗಿರಿ ಕಡೆ ಈ ಮಾತು ಬರದೆ ಒಂದು ನ್ಯಾಯ ಪಂಚಾಯ್ತಿ ಮುಗಿಯುವುದಿಲ್ಲ. ಆದರೆ ಈ ಮಾತು ಎರಡು ಕಡೆ ಎರಡು ಥರ ಕೆಲಸ ಮಾಡುತ್ತದೆ ಎಂಬುದನ್ನು ಗಮನಿಸಬೇಕು. ಕೇರಿಯ ಹುಡುಗ ಕುಡಿದು ಜಗಳ ತೆಗೆದರೆ ‘ಅವರ ಗುಣವೇ ಅಷ್ಟು ಬಿಡಪ್ಪ’ ಅನ್ನುತ್ತಾರೆ. ಅದೇ ಹುಡುಗನನ್ನು ಊರಿನ ಯಜಮಾನ ಜಗಲಿ ಹತ್ತಿಸಿಕೊಳ್ಳದಿದ್ದರೆ ‘ಏನ್ ಮಾಡಾಕಾಗ್ತೈತೆ, ಮನುಷ್ಯನ ಗುಣ, ಮೇಲು ಕೀಳು ಎಲ್ಲಾ ದೇಶದಾಗೂ ಐತೆ’ ಅನ್ನುತ್ತಾರೆ. ಮೊದಲನೆಯ ಮಾತಿನಲ್ಲಿ ಒಬ್ಬನ ತಪ್ಪಿಗೆ ಇಡೀ ಜಾತಿಯನ್ನು ಹೊಣೆ ಮಾಡಲಾಯಿತು. ಎರಡನೆಯದರಲ್ಲಿ ಒಂದು ಜಾತಿಯ ತಪ್ಪಿಗೆ ಇಡೀ ಮನುಷ್ಯಕುಲವನ್ನು ಜಾಮೀನು ನಿಲ್ಲಿಸಲಾಯಿತು. ‘ಗುಣ’ ಎಂಬ ಒಂದೇ ಪದ ಒಬ್ಬನಿಗೆ ಶಿಕ್ಷೆ ಕೊಟ್ಟು ಇನ್ನೊಬ್ಬನನ್ನು ಬಿಡುಗಡೆ ಮಾಡಿತು.

ಪದವಿ ತರಗತಿಗೆ ಪಾಠ ಹೇಳುವ ನನಗೆ ಇದೇ ಮಾತು ಇಂಗ್ಲಿಷಿನ ವೇಷದಲ್ಲಿ ಎದುರಾಗುತ್ತದೆ. ‘ಜಾತಿ ಎಲ್ಲಿ ಹೋಗುತ್ತೆ ಸಾರ್, ಅದು ಹ್ಯೂಮನ್ ನೇಚರ್’ ಎಂದು ಹುಡುಗರು ಹೇಳುತ್ತಾರೆ. ಹೇಳುವವರಲ್ಲಿ ಕೇರಿಯಿಂದ ಬಂದವರೂ ಇದ್ದಾರೆ. ಅವಮಾನ ಉಂಡವನೇ ಅವಮಾನವನ್ನು ಪ್ರಕೃತಿ ನಿಯಮ ಎಂದು ಒಪ್ಪಿಕೊಂಡರೆ ಚಳವಳಿಗೂ ಸಾಹಿತ್ಯಕ್ಕೂ ಉಳಿಯುವ ಕೆಲಸವೇನು? ಹಾಗಾಗಿ ಮನುಷ್ಯ ಸ್ವಭಾವ ಎಂದರೇನು, ಮನುಷ್ಯ ಹೀಗೇಕೆ ನಡೆದುಕೊಳ್ಳುತ್ತಾನೆ ಎಂಬ ಪ್ರಶ್ನೆಯನ್ನು ಮಠಗಳ ಪ್ರವಚನಕ್ಕೆ ಬಿಟ್ಟುಕೊಡದೆ ದಲಿತ ವಿಮರ್ಶೆಯ ಒಳಗೇ ಎತ್ತಿಕೊಳ್ಳಬೇಕು ಎಂದು ನನಗೆ ಅನ್ನಿಸುತ್ತದೆ.

೨

ಸ್ವಭಾವದ ವಾದ ನಮ್ಮ ಪರಂಪರೆಯಲ್ಲಿ ಹಳೆಯದು. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ನಾಲ್ಕು ವರ್ಣಗಳ ಕೆಲಸವನ್ನು ಸ್ವಭಾವದಿಂದ ಹುಟ್ಟಿದ ಗುಣಗಳ ಆಧಾರದ ಮೇಲೆ ಹಂಚುತ್ತದೆ. ಶಾಂತಿ, ಇಂದ್ರಿಯ ನಿಗ್ರಹ ಮುಂತಾದವು ಒಬ್ಬನ ಸ್ವಭಾವವಾದರೆ, ಸೇವೆ ಮಾಡುವುದು ಇನ್ನೊಬ್ಬನ ಸ್ವಭಾವ. ಇದನ್ನು ಸಮರ್ಥಿಸುವ ಆಧುನಿಕರು ‘ಇಲ್ಲಿ ಹುಟ್ಟಿನ ಮಾತೇ ಇಲ್ಲ, ಗುಣದ ಮಾತಿದೆ’ ಎನ್ನುತ್ತಾರೆ. ಒಪ್ಪೋಣ. ಹಾಗಾದರೆ ಗುಣವನ್ನು ಪರೀಕ್ಷೆ ಮಾಡಿದವರು ಯಾರು, ಯಾವ ವಯಸ್ಸಿನಲ್ಲಿ, ಯಾವ ಊರಿನ ಕಟ್ಟೆಯ ಮೇಲೆ? ಹುಟ್ಟಿದ ಕೂಸಿನ ಗುಣ ನೋಡಿ ಯಾರೂ ಅದನ್ನು ಕೇರಿಗೆ ಹಾಕಲಿಲ್ಲ. ಕೇರಿಯಲ್ಲಿ ಹುಟ್ಟಿದ್ದನ್ನು ನೋಡಿ ಗುಣ ಬರೆದರು.

ಅಂಬೇಡ್ಕರ್ ೧೯೩೬ರ ‘ಜಾತಿ ವಿನಾಶ’ದಲ್ಲಿ ಈ ವಾದವನ್ನೇ ಎದುರಿಸುತ್ತಾರೆ. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದ ಸಭೆಗಾಗಿ ಬರೆದ, ಸಭೆಯೇ ರದ್ದಾದ್ದರಿಂದ ಓದಲಾಗದೆ ಅವರು ಸ್ವಂತವಾಗಿ ಅಚ್ಚು ಹಾಕಿಸಿದ ಭಾಷಣ ಅದು. ಗುಣದ ಮೇಲೆ ವರ್ಣ ನಿಲ್ಲಿಸುತ್ತೇವೆ ಎಂಬ ಆರ್ಯ ಸಮಾಜದವರಿಗೆ ಅವರು ಕೊಡುವ ಉತ್ತರ ಸರಳ. ಕೋಟ್ಯಂತರ ಜನರನ್ನು ನಾಲ್ಕೇ ಗೂಟಕ್ಕೆ ಕಟ್ಟಲು ಸಾಧ್ಯವಿಲ್ಲ, ಏಕೆಂದರೆ ಒಬ್ಬೊಬ್ಬ ಮನುಷ್ಯನೂ ಬೇರೆ ಬೇರೆ. ಗ್ರೀಸಿನ ಪ್ಲೇಟೋ ಮನುಷ್ಯರನ್ನು ಮೂರು ವರ್ಗ ಮಾಡಿದಾಗಲೂ ಇದೇ ತಪ್ಪು ಮಾಡಿದ ಎಂದು ಅವರು ತೋರಿಸುತ್ತಾರೆ. ಅಂದರೆ ‘ಸ್ವಭಾವ’ದ ಹೆಸರಿನಲ್ಲಿ ಜನರನ್ನು ಕಟ್ಟಿಹಾಕುವ ಚಾಳಿ ವೈದಿಕರದ್ದು ಮಾತ್ರವಲ್ಲ. ಯಜಮಾನಿಕೆ ಇರುವ ಕಡೆಯೆಲ್ಲ ಅದಕ್ಕೊಂದು ತತ್ವಶಾಸ್ತ್ರ ಹುಟ್ಟಿಕೊಳ್ಳುತ್ತದೆ.

೩

ಹಾಗಿದ್ದರೆ ಮನುಷ್ಯನ ನಡತೆಯನ್ನು ವಿವರಿಸುವುದು ಹೇಗೆ? ಇಲ್ಲಿ ಅಂಬೇಡ್ಕರರ ಗುರು ಜಾನ್ ಡ್ಯೂಯಿಯ ನೆನಪು ಮಾಡಿಕೊಳ್ಳಬೇಕು. ೧೯೧೩ರಿಂದ ೧೯೧೬ರವರೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಅಂಬೇಡ್ಕರ್ ಅವರ ಪಾಠ ಕೇಳಿದರು. ‘ಜಾತಿ ವಿನಾಶ’ದಲ್ಲಿ ಆ ಗುರುವಿನ ಋಣವನ್ನು ಹೆಸರು ಹೇಳಿ ನೆನೆಯುತ್ತಾರೆ. ಡ್ಯೂಯಿ ೧೯೨೨ರಲ್ಲಿ ಪ್ರಕಟಿಸಿದ ಒಂದು ಪುಸ್ತಕದ ಹೆಸರೇ ‘ಮನುಷ್ಯ ಸ್ವಭಾವ ಮತ್ತು ನಡತೆ’. ಅದರ ತಿರುಳನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು.

ಹಸಿವು, ಭಯ, ಸಿಟ್ಟು, ಮರುಕ ಇವೆಲ್ಲ ಹುಟ್ಟಿನಿಂದ ಬರುವ ಒಳತುಡಿತಗಳು. ಆದರೆ ಅವಕ್ಕೆ ತಮ್ಮದೇ ಆಕಾರ ಇಲ್ಲ. ಯಾರ ಮೇಲೆ ಸಿಟ್ಟು, ಯಾರಿಗೆ ಮರುಕ, ಯಾರನ್ನು ಕಂಡರೆ ಹೇಸಿಗೆ ಎಂಬುದನ್ನು ಕಲಿಸುವುದು ರೂಢಿ. ರೂಢಿ ಎಂದರೆ ಮೈಯೊಳಗೆ ಇಳಿದ ಸಮಾಜ. ಉಸಿರಾಟಕ್ಕೆ ಶ್ವಾಸಕೋಶ ಎಷ್ಟು ಬೇಕೋ ಹೊರಗಿನ ಗಾಳಿಯೂ ಅಷ್ಟೇ ಬೇಕು. ಹಾಗೆಯೇ ಒಂದು ನಡತೆ ನಡೆಯಬೇಕಾದರೆ ಅದನ್ನು ಮಾಡುವ ಮನುಷ್ಯ ಎಷ್ಟು ಬೇಕೋ ಅದಕ್ಕೆ ಒಗ್ಗುವ ಪರಿಸರವೂ ಅಷ್ಟೇ ಬೇಕು. ಪರಿಸರ ಮುಟ್ಟದೆ ಮನಸ್ಸಿಗೆ ಮಾತ್ರ ಬುದ್ಧಿ ಹೇಳುವುದು ಗಾಳಿ ಇಲ್ಲದ ಕೋಣೆಯಲ್ಲಿ ಪ್ರಾಣಾಯಾಮ ಹೇಳಿಕೊಟ್ಟಂತೆ.

ಅಂಬೇಡ್ಕರ್ ಇದನ್ನು ನಮ್ಮ ನೆಲಕ್ಕೆ ತಂದಾಗ ಅದು ಇನ್ನೂ ಹರಿತವಾಯಿತು. ಅಸ್ಪೃಶ್ಯತೆ ಆಚರಿಸುವವರು ಕೆಟ್ಟವರಾದ್ದರಿಂದ ಹಾಗೆ ಮಾಡುತ್ತಾರೆ ಎಂದು ಅವರು ಹೇಳಲಿಲ್ಲ. ಅವರು ಧರ್ಮಿಷ್ಠರಾದ್ದರಿಂದ ಹಾಗೆ ಮಾಡುತ್ತಾರೆ, ಆದ್ದರಿಂದ ಆ ನಡತೆಯನ್ನು ಪವಿತ್ರ ಮಾಡಿದ ಶಾಸ್ತ್ರದ ಅಧಿಕಾರವನ್ನೇ ಮುರಿಯಬೇಕು ಎಂದರು. ಇದು ಕ್ಷಮಿಸುವ ಮಾತಲ್ಲ, ರೋಗದ ಬೇರು ಹುಡುಕುವ ಮಾತು. ನಮ್ಮೂರುಗಳಲ್ಲಿ ಮಳೆಗಾಲದಲ್ಲಿ ಸಾಲ ಕೊಟ್ಟವರು, ಮದುವೆಗೆ ಅಕ್ಕಿ ಕಳಿಸಿದವರು, ‘ಏನಪ್ಪಾ ಚೆನ್ನಾಗಿದೀಯ’ ಎಂದು ವಿಚಾರಿಸಿಕೊಳ್ಳುವವರೇ ನಡುಮನೆ ಬಾಗಿಲಲ್ಲಿ ಬೇರೆಯಾಗಿಬಿಡುವುದನ್ನು ನಾವೆಲ್ಲ ಕಂಡಿದ್ದೇವೆ. ಒಳ್ಳೆಯವರು–ಕೆಟ್ಟವರು ಎಂಬ ಲೆಕ್ಕದಲ್ಲಿ ಈ ನಡತೆಗೆ ವಿವರಣೆ ಸಿಗುವುದಿಲ್ಲ.

೪

ಗೆಳೆಯರು ಹೆಚ್ಚಾಗಿ ಗಮನಿಸದ ಒಂದು ಪತ್ರವಿದೆ. ಪೂನಾ ಒಪ್ಪಂದವಾಗಿ ಎರಡು ತಿಂಗಳೂ ಆಗಿರಲಿಲ್ಲ. ೧೯೩೨ರ ನವೆಂಬರ್‌ನಲ್ಲಿ ಲಂಡನ್ನಿಗೆ ಹೋಗುತ್ತಾ ಹಡಗಿನಲ್ಲಿ ಕೂತು ಅಂಬೇಡ್ಕರ್, ಆಗತಾನೆ ಹುಟ್ಟಿದ್ದ ಅಸ್ಪೃಶ್ಯತಾ ವಿರೋಧಿ ಸಂಘದ (ಮುಂದೆ ಇದೇ ಹರಿಜನ ಸೇವಕ ಸಂಘವಾಯಿತು) ಕಾರ್ಯದರ್ಶಿ ಎ.ವಿ. ಠಕ್ಕರ್ ಅವರಿಗೆ ಬರೆದ ಪತ್ರ ಅದು. ಮನುಷ್ಯ ಸ್ವಭಾವದ ಬಗ್ಗೆ ದಲಿತ ಚಿಂತನೆಯ ಮೂಲ ಪಾಠವೊಂದು ಅದರಲ್ಲಿದೆ ಎಂದು ನನ್ನ ನಂಬಿಕೆ.

ದಲಿತರ ಉದ್ಧಾರದ ಕೆಲಸದಲ್ಲಿ ಎರಡು ದಾರಿಗಳಿವೆ ಎಂದು ಅಂಬೇಡ್ಕರ್ ಅಲ್ಲಿ ವಿಂಗಡಿಸುತ್ತಾರೆ. ಒಬ್ಬ ಮನುಷ್ಯ ಕಷ್ಟದಲ್ಲಿದ್ದರೆ ಅದಕ್ಕೆ ಅವನ ನಡತೆಯೇ ಕಾರಣ ಎಂದು ಮೊದಲನೆಯ ದಾರಿಯವರು ನಂಬುತ್ತಾರೆ. ಅವರು ಕುಡಿತ ಬಿಡಿಸುತ್ತಾರೆ, ಗರಡಿಮನೆ, ವಾಚನಾಲಯ, ಶಾಲೆ ತೆರೆಯುತ್ತಾರೆ, ಶೀಲ ತಿದ್ದುತ್ತಾರೆ. ಅವನ ಕಷ್ಟಕ್ಕೆ ಅವನು ಬದುಕುವ ಪರಿಸರ ಕಾರಣ ಎಂದು ಎರಡನೆಯ ದಾರಿಯವರು ನಂಬುತ್ತಾರೆ. ಅವರು ಪರಿಸರ ತಿದ್ದಲು ಹೊರಡುತ್ತಾರೆ. ಅಂಬೇಡ್ಕರ್ ಎರಡನೆಯದನ್ನು ಆರಿಸಿಕೊಂಡು, ಸಂಘ ಮೊದಲು ಮಾಡಬೇಕಾದದ್ದು ಬಾವಿ, ಶಾಲೆ, ಚಾವಡಿ, ಬಂಡಿಗಳಲ್ಲಿ ಸಮಾನ ಹಕ್ಕಿಗಾಗಿ ಹಳ್ಳಿ ಹಳ್ಳಿಯಲ್ಲೂ ಹೋರಾಟ ಎಂದು ಸೂಚಿಸಿದರು.

ಇದರಿಂದ ಗಲಭೆಯಾಗುತ್ತದೆ ಎಂಬ ಆಕ್ಷೇಪ ಅವರಿಗೆ ಗೊತ್ತಿತ್ತು. ಆಗಲಿ ಎಂದರು. ಏಕೆಂದರೆ ರೂಢಿಯಲ್ಲಿ ನಡೆಯುತ್ತಿರುವ ಮನುಷ್ಯ ಯೋಚನೆ ಮಾಡುವುದಿಲ್ಲ. ಅವನ ರೂಢಿಗೆ ಅಡ್ಡಿಯಾದಾಗ, ದಿನವೂ ನಡೆಯುವ ದಾರಿಯಲ್ಲಿ ಕಲ್ಲು ಸಿಕ್ಕಾಗ ಮಾತ್ರ ಯೋಚಿಸಲು ತೊಡಗುತ್ತಾನೆ. ಮೆಲ್ಲಗೆ ಉಪದೇಶ ಮಾಡುವುದರಿಂದ ಬಿಕ್ಕಟ್ಟು ಹುಟ್ಟುವುದಿಲ್ಲ, ಬಿಕ್ಕಟ್ಟಿಲ್ಲದೆ ವಿಚಾರ ಹುಟ್ಟುವುದಿಲ್ಲ. ೧೯೨೭ರಲ್ಲಿ ಮಹಾಡದ ಚವದಾರ್ ಕೆರೆಯಲ್ಲಿ, ೧೯೩೦ರಿಂದ ನಾಸಿಕದ ಕಾಳಾರಾಮ ದೇವಸ್ಥಾನದ ಮುಂದೆ ಆದ ಕೆಲಸ ಎಷ್ಟೋ ವರ್ಷದ ಪ್ರವಚನದಿಂದ ಆಗಿರಲಿಲ್ಲ ಎಂಬುದು ಅವರ ಲೆಕ್ಕ. ಆ ಪತ್ರ ತಲುಪಿತು ಎಂದು ತಿಳಿಸುವ ಉತ್ತರ ಕೂಡ ತಮಗೆ ಬರಲಿಲ್ಲ ಎಂದು ಅವರು ಆಮೇಲೆ ಬರೆದಿದ್ದಾರೆ.

ಗಾಂಧೀಜಿಯ ಹೃದಯ ಪರಿವರ್ತನೆಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗುತ್ತದೆ. ಇಬ್ಬರೂ ಮನುಷ್ಯ ಬದಲಾಗಬಲ್ಲ ಎಂದು ನಂಬಿದವರೇ. ಗಾಂಧೀಜಿಗೆ ಹೃದಯ ಬದಲಾದರೆ ನಡತೆ ಬದಲಾಗುತ್ತದೆ. ಅಂಬೇಡ್ಕರರಿಗೆ ನಡತೆಯನ್ನು ತಡೆದರೆ ಹೃದಯಕ್ಕೆ ಕೆಲಸ ಶುರುವಾಗುತ್ತದೆ.

೫

ಈ ಮಾತನ್ನು ನಮ್ಮ ಸುತ್ತಿನ ಅನುಭವಕ್ಕೆ ಹಚ್ಚಿ ನೋಡೋಣ. ನಮ್ಮ ಕಡೆಯ ಹಿರಿಯರು ಹೇಳುವಂತೆ ಹಳ್ಳಿ ಹೋಟೆಲುಗಳಲ್ಲಿ ಕೇರಿಯವರಿಗೆ ಮೊದಲು ತೆಂಗಿನ ಚಿಪ್ಪು, ಆಮೇಲೆ ಗೋಡೆಯ ಹೊರಗಿಟ್ಟ ಬೇರೆ ಲೋಟ. ಕುಡಿದವರೇ ತೊಳೆದಿಡಬೇಕು. ಇವತ್ತು ಎಷ್ಟೋ ಕಡೆ ಆ ಲೋಟ ಇಲ್ಲ. ಅದನ್ನು ತೆಗೆಸಿದ್ದು ಕೆಲವೆಡೆ ದಲಿತ ಸಂಘರ್ಷ ಸಮಿತಿಯ ಹುಡುಗರು. ಇನ್ನು ಕೆಲವೆಡೆ ತೆಗೆಸಿದ್ದು ಬಿಸಾಡುವ ಪೇಪರ್ ಲೋಟ. ಎಲ್ಲರಿಗೂ ಒಂದೇ ಲೋಟ, ಕುಡಿದು ಎಸೆದರೆ ಮುಗಿಯಿತು. ಬೋರ್‌ವೆಲ್ಲು, ನಲ್ಲಿ ಬಂದ ಮೇಲೆ ಬಾವಿಯ ಜಗಳವೂ ಹೀಗೆಯೇ ತಣ್ಣಗಾಯಿತು.

ಎರಡೂ ಕಡೆ ನಡತೆ ಬದಲಾಯಿತು. ‘ಮನುಷ್ಯನ ಗುಣ ಬದಲಾಗಲ್ಲ’ ಎಂಬ ಗಾದೆ ಅಷ್ಟರ ಮಟ್ಟಿಗೆ ಸುಳ್ಳಾಯಿತು. ಆದರೆ ಎರಡೂ ಬದಲಾವಣೆ ಒಂದೇ ಅಲ್ಲ. ಹೋರಾಟದಿಂದ ಲೋಟ ತೆಗೆಸಿದ ಊರಿನಲ್ಲಿ ಮಾಲೀಕ ‘ಇವರು ಯಾಕೆ ಒಳಗೆ ಬರಬಾರದು’ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾಯಿತು. ಪೇಪರ್ ಲೋಟದ ಊರಿನಲ್ಲಿ ಯಾರೂ ಯಾರಿಗೂ ಉತ್ತರ ಹೇಳಲಿಲ್ಲ. ಅಲ್ಲಿ ರೂಢಿಗೆ ಅಡ್ಡಿಯಾಗಲಿಲ್ಲ, ಪಕ್ಕದಿಂದ ದಾರಿ ಸಿಕ್ಕಿತು. ಆದ್ದರಿಂದಲೇ ಅದೇ ಊರಿನಲ್ಲಿ ಕ್ಷೌರದಂಗಡಿ, ದೇವಸ್ಥಾನ, ಬಾಡಿಗೆ ಮನೆ ವಿಚಾರ ಬಂದಾಗ ಹಳೆಯ ರೂಢಿ ಏನೂ ಆಗದಂತೆ ಎದ್ದು ಕೂರುತ್ತದೆ. ಯಂತ್ರ, ಮಾರುಕಟ್ಟೆ ಜಾತಿಯನ್ನು ತಾನಾಗಿಯೇ ತೊಳೆಯುತ್ತದೆ ಎಂದು ನಂಬುವ ಗೆಳೆಯರು ಈ ವ್ಯತ್ಯಾಸವನ್ನು ಯೋಚಿಸಬೇಕು.

ಇನ್ನೊಂದು ಪ್ರಸಂಗ. ರಾಮಗಿರಿ ಸೇರಿರುವ ಚಿತ್ರದುರ್ಗ ಲೋಕಸಭಾ ಕ್ಷೇತ್ರ ತುಮಕೂರು ಜಿಲ್ಲೆಯ ಪಾವಗಡದವರೆಗೂ ಚಾಚಿಕೊಂಡಿದೆ. ೨೦೧೯ರ ಸೆಪ್ಟೆಂಬರ್‌ನಲ್ಲಿ ಆಗಿನ ಸಂಸದ ಎ. ನಾರಾಯಣಸ್ವಾಮಿ ಅವರು ಪಾವಗಡ ತಾಲೂಕಿನ ಒಂದು ಗೊಲ್ಲರಹಟ್ಟಿಗೆ ಹೋದಾಗ, ದಲಿತರು ಹಟ್ಟಿಯೊಳಗೆ ಬರುವ ಪದ್ಧತಿ ಇಲ್ಲ ಎಂದು ಕೆಲವರು ತಡೆದರು. ಬೈಯಲಿಲ್ಲ, ಹೊಡೆಯಲಿಲ್ಲ. ಹೊರಗೇ ಕುರ್ಚಿ ಹಾಕಿ ಮಾತಾಡಿಸಿದರು. ಪೊಲೀಸ್ ಕೇಸು ಬೇಡ, ಮನಸ್ಸು ಬದಲಾಗಬೇಕು ಎಂಬರ್ಥದ ಮಾತನ್ನು ಸಂಸದರು ಆಡಿದರು. ಸುದ್ದಿ ದೇಶವೆಲ್ಲ ಹರಡಿತು. ಕೆಲವೇ ದಿನಗಳಲ್ಲಿ ಹಟ್ಟಿಯವರೇ ಅವರನ್ನು ಒಳಗೆ ಕರೆದುಕೊಂಡರು.

ಈ ಕೆಲವೇ ದಿನಗಳಲ್ಲಿ ಹಟ್ಟಿಯವರ ಸ್ವಭಾವ ಬದಲಾಯಿತೆ? ಇಲ್ಲ. ಪೀಳಿಗೆಗಳಿಂದ ಯಾರೂ ಕೇಳದಿದ್ದ ಪ್ರಶ್ನೆಯನ್ನು ಊರು ಮೊದಲ ಸಲ ಎದುರಿಸಬೇಕಾಯಿತು. ಮನಸ್ಸು ಬದಲಾಗಬೇಕು ಎಂಬ ಸಂಸದರ ಮಾತು ನಿಜ. ಆದರೆ ಅದು ಅಲುಗಿದ್ದು ಮರ್ಯಾದೆಗೆ ಪೆಟ್ಟು ಬಿದ್ದ ಮೇಲೆ. ಸಂಸದನಲ್ಲದ, ಕ್ಯಾಮೆರಾ ಹಿಂದೆ ಬಾರದ ಕೂಲಿಯವನನ್ನು ಅದೇ ಥರದ ಬಾಗಿಲಲ್ಲಿ ತಡೆದರೆ ಬಿಕ್ಕಟ್ಟು ಹುಟ್ಟುವುದಿಲ್ಲ. ಅವನಿಗೆ ಬೇಕಾದದ್ದು ಸಂಘಟನೆ ಮತ್ತು ಕಾನೂನು. ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ, ೧೯೮೯ರ ದೌರ್ಜನ್ಯ ತಡೆ ಕಾಯಿದೆಗಳು ಮನಸ್ಸನ್ನು ಬದಲಿಸಲಾರವು ಎಂಬುದು ಸರಿಯೇ. ನಡತೆಗೆ ಅಡ್ಡ ನಿಲ್ಲಬಲ್ಲವು, ಅದೇ ಅವುಗಳ ತಾತ್ವಿಕ ಅರ್ಥ.

ಹಟ್ಟಿಯ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಬೇಕು. ಕಾಡುಗೊಲ್ಲರು ಮೇಲಿನವರಲ್ಲ, ಕುರಿ ಕಾಯ್ದು ಬದುಕಿದ, ಇಂದಿಗೂ ಹಿಂದುಳಿದ ಜನ. ಯಾವ ಶುದ್ಧಿಯ ನಂಬಿಕೆ ದಲಿತನನ್ನು ಹಟ್ಟಿಯ ಹೊರಗೆ ನಿಲ್ಲಿಸುತ್ತದೋ ಅದೇ ನಂಬಿಕೆ ಮುಟ್ಟಾದ ಹೆಣ್ಣನ್ನು, ಬಾಣಂತಿಯನ್ನು ಹೊರಗಿಡುತ್ತದೆ. ೨೦೨೩ರ ಜುಲೈನಲ್ಲಿ ತುಮಕೂರು ತಾಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಊರಾಚೆಯ ಗುಡಿಸಲಿನಲ್ಲಿ ಇಟ್ಟ ಬಾಣಂತಿಯ ಹಸುಗೂಸು ಮಳೆ ಚಳಿಯ ದಿನಗಳಲ್ಲಿ ತೀರಿಕೊಂಡಿತು. ತನ್ನ ಕೂಸನ್ನು ಬೆಚ್ಚಗಿಡಬೇಕೆಂಬ ಹಂಬಲಕ್ಕಿಂತ ಸಹಜವಾದ ಸ್ವಭಾವ ಮನುಷ್ಯನಲ್ಲಿ ಯಾವುದಿದೆ? ಅದನ್ನೂ ರೂಢಿ ಮೆಟ್ಟಿ ನಿಂತಿತು. ಜಾತಿ, ಮೈಲಿಗೆ ಮನುಷ್ಯ ಸ್ವಭಾವ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಅದು ಸ್ವಭಾವದ ವಿರುದ್ಧವೇ ಕಟ್ಟಿದ ಬೇಲಿ.

೬

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕಾರ್ಯಕರ್ತ ಗೆಳೆಯರು ಇದನ್ನು ಕೇಳಿಯೇ ಕೇಳುತ್ತಾರೆ. ‘ಎಲ್ಲಾ ರೂಢಿ ಅಂದ್ಮೇಲೆ ತಪ್ಪಿತಸ್ಥ ಯಾರು? ಹೊಡೆದವನು, ಸುಟ್ಟವನು ರೂಢಿಯ ಮೇಲೆ ಹಾಕಿ ತಪ್ಪಿಸಿಕೊಳ್ಳಲ್ವಾ?’

ನನ್ನ ಉತ್ತರ ಇದು. ತಪ್ಪಿಸಿಕೊಳ್ಳಲು ಅವಕಾಶ ಕೊಡುವುದು ಸ್ವಭಾವದ ವಾದ. ಹಾವು ಕಚ್ಚಿದರೆ ಯಾರೂ ಹಾವಿನ ಮೇಲೆ ಕೇಸು ಹಾಕುವುದಿಲ್ಲ, ಏಕೆಂದರೆ ಅದಕ್ಕೆ ಬೇರೆ ಥರ ಇರಲು ಬರುವುದಿಲ್ಲ. ಮನುಷ್ಯನಿಗೆ ಬರುತ್ತದೆ. ರೂಢಿಯನ್ನು ಕಲಿತವನು ಬಿಡಲೂ ಬಲ್ಲ, ಅದೇ ಊರಿನಲ್ಲಿ ಬಿಟ್ಟವರು ಇಬ್ಬರಾದರೂ ಇದ್ದೇ ಇರುತ್ತಾರೆ. ಆದ್ದರಿಂದ ನಡತೆಯನ್ನು ರೂಢಿ ಎಂದು ಕರೆದ ಕ್ಷಣದಿಂದ ಮನುಷ್ಯ ಹೊಣೆಗಾರನಾಗುತ್ತಾನೆ. ೨೦೧೪ರ ಆಗಸ್ಟ್‌ನಲ್ಲಿ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ಕೇರಿಯ ಮೇಲೆ ದಾಳಿಯಾಯಿತು. ಹೋಟೆಲು, ಕ್ಷೌರದಂಗಡಿಗೆ ಬಿಡದ ಜಗಳ ಅದರ ಹಿಂದೆ ಇತ್ತು. ೨೦೨೪ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ ೯೮ ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲ್ಮನವಿಯ ದಾರಿ ಬೇರೆ. ಆದರೆ ಇಡೀ ಗುಂಪು ರೂಢಿಯಂತೆ ನಡೆದಾಗಲೂ ಒಬ್ಬೊಬ್ಬನೂ ಹೆಸರು ಹೇಳಿ ಉತ್ತರ ಕೊಡಬೇಕು ಎಂಬ ತತ್ವ ಅಲ್ಲಿ ದಾಖಲಾಯಿತು.

ಇದೇ ಅಳತೆಗೋಲನ್ನು ನಮ್ಮ ಒಳಗೂ ಇಟ್ಟುಕೊಳ್ಳಬೇಕು. ದಲಿತ ಹುಟ್ಟಿನಿಂದಲೇ ಮುಗ್ಧ, ಹುಟ್ಟಿನಿಂದಲೇ ಕರುಣಾಳು ಎಂದು ಬರೆಯುವವರಿದ್ದಾರೆ. ಪ್ರೀತಿಯಿಂದ ಬರೆದರೂ ಅದು ಹಳೆಯ ಹುಟ್ಟುಗುಣದ ಗಾದೆಯೇ, ಬಣ್ಣ ಬೇರೆ ಅಷ್ಟೆ. ಹೊಲೆಯ ಮಾದಿಗರ ನಡುವೆ ನೀರು, ಹೆಣ್ಣು ಗಂಡಿನ ವಿಚಾರದಲ್ಲಿ ನಡೆದುಬಂದ ಮೇಲು ಕೀಳು ಎಲ್ಲರಿಗೂ ಗೊತ್ತು. ಕೇರಿಯ ಗಂಡಸು ಹೊರಗಿನ ಸಿಟ್ಟನ್ನು ಹೆಂಡತಿಯ ಮೈಮೇಲೆ ತೀರಿಸಿಕೊಳ್ಳುವುದೂ ಗೊತ್ತು. ಅಂಬೇಡ್ಕರ್ ಇದಕ್ಕೆ ಶ್ರೇಣೀಕೃತ ಅಸಮಾನತೆ ಎಂಬ ಹೆಸರು ಕೊಟ್ಟರು. ಪ್ರತಿಯೊಬ್ಬನಿಗೂ ತುಳಿಯಲು ಕೆಳಗೊಬ್ಬ ಸಿಗುವಂತೆ ಕಟ್ಟಿದ ಏಣಿ ಅದು. ಅದರ ಮೇಲೆ ನಿಂತವರ ಕಾಲು ಯಾವ ಜಾತಿಯದಾದರೂ ಕೆಲಸ ಅದೇ. ಬೇರೆಯವರ ನಡತೆಗೆ ಉತ್ತರ ಕೇಳುವ ನಾವು ಇದಕ್ಕೂ ಉತ್ತರ ಕೊಡುವವರಾಗಬೇಕು.

೭

ಇನ್ನು ಸಾಹಿತ್ಯಕ್ಕೆ ಬರುತ್ತೇನೆ. ಕನ್ನಡ ವಿಮರ್ಶೆಯಲ್ಲಿ ‘ಮನುಷ್ಯನ ಮೂಲಭೂತ ದುರಂತ’, ‘ಮಾನವ ಸಹಜ ದೌರ್ಬಲ್ಯ’ ಎಂಬ ಮಾತುಗಳು ಬಹಳ ಕಾಲ ಓಡಾಡಿವೆ. ೧೯೩೩ರ ಕಾರಂತರ ‘ಚೋಮನ ದುಡಿ’ಯನ್ನೇ ತೆಗೆದುಕೊಳ್ಳಿ. ಚೋಮನಿಗೆ ಬೇಸಾಯ ಮಾಡುವ ಆಸೆ, ಕುಡಿತ, ಸಿಟ್ಟು, ದುಡಿಯ ಹುಚ್ಚು. ಇವನ್ನು ಅವನ ಸ್ವಭಾವ ಎಂದು ಓದಿದರೆ ಅದೊಂದು ನತದೃಷ್ಟ ಮನುಷ್ಯನ ಕತೆ. ರೂಢಿಯ ಕಣ್ಣಿನಿಂದ ಓದಿದರೆ ಬೇರೆಯೇ ಕಾಣುತ್ತದೆ. ಧಣಿಗೆ ಮನಸ್ಸು ಕರಗಿದರೂ ಅವನ ತಾಯಿಯ ಬಾಯಲ್ಲಿ ಸಂಪ್ರದಾಯ ಅಡ್ಡ ಬರುತ್ತದೆ. ಚೋಮನ ಮಗ ನೀರಿನಲ್ಲಿ ಮುಳುಗುವಾಗ, ಅವನು ಮುಟ್ಟಬಾರದವನು ಎಂಬ ಕಾರಣಕ್ಕೆ ಎತ್ತಲು ಯಾರೂ ಮುಂದಾಗುವುದಿಲ್ಲ.

ಚೀನಾದ ಹಳೆಯ ತತ್ವಜ್ಞಾನಿ ಮೆನ್ಸಿಯಸ್, ಬಾವಿಗೆ ಬೀಳಲಿರುವ ಮಗುವನ್ನು ಕಂಡರೆ ಯಾವ ಮನುಷ್ಯನ ಎದೆಯಾದರೂ ಧಸಕ್ಕೆನ್ನುತ್ತದೆ, ಮನುಷ್ಯ ಸ್ವಭಾವ ಒಳ್ಳೆಯದು ಎಂಬುದಕ್ಕೆ ಅದೇ ಸಾಕ್ಷಿ ಎಂದ. ಕಾರಂತರ ಕಾದಂಬರಿ ಆ ಮಾತನ್ನು ನಮ್ಮ ಹೊಳೆಯ ದಂಡೆಗೆ ತಂದು ನಿಲ್ಲಿಸುತ್ತದೆ. ದಂಡೆಯ ಮೇಲಿದ್ದವರ ಎದೆಯೂ ಧಸಕ್ಕೆಂದಿರಬಹುದು. ಎದೆಗೂ ಕೈಗೂ ನಡುವೆ ಜಾತಿ ನಿಂತಿತ್ತು. ವಿಮರ್ಶಕ ಅಳೆಯಬೇಕಾದದ್ದು ಈ ನಡುವಿನ ಜಾಗವನ್ನು.

೧೯೭೩ರ ನವೆಂಬರ್‌ನಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಆಡಿದ ‘ಬೂಸಾ’ ಮಾತನ್ನೂ ನಾನು ಹೀಗೆ ಓದುತ್ತೇನೆ. ಆ ಮಾತು ಸಾಹಿತ್ಯದ ಮೌಲ್ಯಮಾಪನವಾಗಿ ಸರಿಯೋ ತಪ್ಪೋ ಎಂದು ಇಂದಿಗೂ ಜಗಳವಿದೆ. ಆದರೆ ಅದು ಕನ್ನಡದ ಓದಿನ ರೂಢಿಗೆ ಅಡ್ಡ ಬಂದ ಕಲ್ಲು. ಗಲಾಟೆಯಾಯಿತು, ಅವರು ಮಂತ್ರಿ ಪದವಿ ಕಳೆದುಕೊಂಡರು. ಆದರೆ ಅಲ್ಲಿಂದ ಮುಂದೆ ‘ಯಾರ ಸಾಹಿತ್ಯ, ಯಾವ ಮನುಷ್ಯ’ ಎಂಬ ಪ್ರಶ್ನೆಯನ್ನು ಯಾರೂ ಮುಚ್ಚಿಡಲಾಗಲಿಲ್ಲ. ಎಪ್ಪತ್ತರ ದಶಕದ ದಲಿತ ಚಳವಳಿಗೂ ಸಿದ್ಧಲಿಂಗಯ್ಯ, ದೇವನೂರ ಮಹಾದೇವರ ಬರವಣಿಗೆಗೂ ಆ ಬಿಕ್ಕಟ್ಟಿನ ಬಿಸಿ ತಗುಲಿತ್ತು. ಮುಂದೆ ಬಂದ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (೧೯೯೪), ಸಿದ್ಧಲಿಂಗಯ್ಯನವರ ‘ಊರು ಕೇರಿ’ (೧೯೯೬)ಯಂಥ ಆತ್ಮಕಥನಗಳು ಮನುಷ್ಯ ಒಳ್ಳೆಯವನೋ ಕೆಟ್ಟವನೋ ಎಂದು ತೀರ್ಪು ಕೊಡಲು ಹೋಗುವುದಿಲ್ಲ. ಯಾರು ಯಾರೊಡನೆ, ಎಲ್ಲಿ, ಹೇಗೆ ನಡೆದುಕೊಂಡರು ಎಂದು ಬರೆದಿಡುತ್ತವೆ. ಅದು ದೊಡ್ಡ ತಾತ್ವಿಕ ಕೆಲಸ.

ಹಾಗಾಗಿ ದಲಿತ ವಿಮರ್ಶೆ ಒಂದು ಕೃತಿಯ ಮುಂದೆ, ಒಂದು ಊರಿನ ಮುಂದೆ ನಿಂತು ಕೇಳಬೇಕಾದ ಪ್ರಶ್ನೆಗಳು ಇವು ಎಂದು ನನಗೆ ತೋರುತ್ತದೆ. ಇಲ್ಲಿ ಸ್ವಭಾವದ ಖಾತೆಗೆ ಬರೆದಿರುವುದರಲ್ಲಿ ರೂಢಿಯ ಖಾತೆಗೆ ಸೇರಬೇಕಾದದ್ದು ಎಷ್ಟು? ಆ ರೂಢಿಯನ್ನು ಸಾಕುತ್ತಿರುವ ಜಮೀನು, ಶಾಸ್ತ್ರ, ಮದುವೆ, ಸಂಬಳ ಯಾವುವು? ಅದರಿಂದ ಯಾರಿಗೆ ಅನುಕೂಲ? ಅದಕ್ಕೆ ಯಾರಾದರೂ ಅಡ್ಡ ನಿಂತರೆ, ನಿಂತವರನ್ನು ಕೃತಿ ಹೇಗೆ ನಡೆಸಿಕೊಂಡಿದೆ?

‘ಹ್ಯೂಮನ್ ನೇಚರ್ ಸಾರ್’ ಎನ್ನುವ ವಿದ್ಯಾರ್ಥಿಗೆ ನಾನು ಈಗ ಪಾಠ ಮಾಡುವುದಿಲ್ಲ, ಒಂದು ಕೆಲಸ ಕೊಡುತ್ತೇನೆ. ನಿಮ್ಮೂರಿನಲ್ಲಿ ನಿಮ್ಮ ಅಜ್ಜ ಮಾಡಲಾಗದ ಯಾವ ಕೆಲಸವನ್ನು ನೀನು ಮಾಡುತ್ತಿದ್ದೀಯ, ಅದು ಹೇಗೆ ಸಾಧ್ಯವಾಯಿತು ಎಂದು ಕೇಳಿಕೊಂಡು ಬಾ ಎನ್ನುತ್ತೇನೆ. ಹಬ್ಬಕ್ಕೆ ಊರಿಗೆ ಹೋದವರು ಪಟ್ಟಿ ತರುತ್ತಾರೆ: ಚಪ್ಪಲಿ ಮೆಟ್ಟಿ ನಡೆದದ್ದು, ಬಸ್ಸಿನಲ್ಲಿ ಪಕ್ಕ ಕೂತದ್ದು, ಹೋಟೆಲಿನ ಬೆಂಚು, ಶಾಲೆಯ ಬಿಸಿಯೂಟ. ಪ್ರತಿಯೊಂದರ ಹಿಂದೆ ಒಂದು ಜಗಳ, ಒಂದು ಕಾನೂನು, ಒಬ್ಬ ಹಟಮಾರಿ ಮನುಷ್ಯ ಇರುತ್ತಾನೆ ಅಥವಾ ಇರುತ್ತಾಳೆ. ಪಟ್ಟಿಯ ಇನ್ನೊಂದು ಪುಟದಲ್ಲಿ ಇನ್ನೂ ಆಗದೆ ಉಳಿದದ್ದನ್ನು ಬರೆಯಲು ಹೇಳುತ್ತೇನೆ. ಆ ಪುಟ ಈಗಲೂ ಉದ್ದವಾಗಿಯೇ ಇದೆ. ಅದನ್ನು ಯಾವ ಕ್ರಮದಲ್ಲಿ ಕೈಗೆತ್ತಿಕೊಳ್ಳಬೇಕು ಎಂಬುದರ ಬಗ್ಗೆ ನಾವು ಚರ್ಚಿಸೋಣ.